ಸ್ಟ್ರಾಂಗ್ ಬಿಯರ್ ಮತ್ತು ಸಣ್ಣ ತಪೇಲಿ: ಮೊಳಕೆ ಕಾಳಿನ ಸಿಹಿಯ ಲೆಕ್ಕ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಗಳಲ್ಲಿ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವುದು ಹೊಸದೇನಲ್ಲ. ಕೂಸಿನ ಗಂಜಿಗೂ ಬೇಸಿಗೆಯ ಅಂಬಲಿಗೂ ಆ ಹಿಟ್ಟು ಬೇಕು. ಜಗತ್ತಿನ ದೊಡ್ಡ ಬಿಯರ್ ಕಾರ್ಖಾನೆಗಳು ಬಾರ್ಲಿಗೆ ಮಾಡುವುದೂ ಮೊದಲ ಹಂತದಲ್ಲಿ ಇದನ್ನೇ. ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕೆಲಸವನ್ನು ಮೊಳಕೆಯೇ ಶುರು ಮಾಡುತ್ತದೆ. ಬಿಸಿನೀರು ಅದನ್ನು ಮುಗಿಸುತ್ತದೆ. ಆ ಸಿಹಿನೀರಿಗೆ ಯೀಸ್ಟ್ ಬಿದ್ದರೆ ಬಿಯರ್.

ಮನೆಯಲ್ಲಿ ಬಿಯರ್ ಮಾಡುವುದು ಕಾನೂನುಬದ್ಧವಾಗಿರುವ ದೇಶಗಳಲ್ಲಿ ಹವ್ಯಾಸಿಗಳನ್ನು ಕಾಡುವ ಪ್ರಶ್ನೆ ಒಂದೇ: ಇರುವುದು ಸಣ್ಣ ಪಾತ್ರೆ, ಬೇಕಾಗಿರುವುದು ಸ್ಟ್ರಾಂಗ್ ಬಿಯರ್, ಇದು ಸಾಧ್ಯವೇ? ಸಾಧ್ಯ. ಬಿಯರಿನ ಬಲವನ್ನು ತೀರ್ಮಾನಿಸುವುದು ಪಾತ್ರೆಯ ಗಾತ್ರವಲ್ಲ, ಪ್ರತಿ ಲೀಟರಿನಲ್ಲಿ ಕರಗಿರುವ ಸಕ್ಕರೆಯ ಪ್ರಮಾಣ. ಅದನ್ನು ಏರಿಸುವ ಹಾದಿಗಳು, ಅವುಗಳ ಹಿಂದಿನ ವಿಜ್ಞಾನ, ನಮ್ಮ ಸೀಮೆಯ ಕಾಳುಗಳಿಗೆ ಇವು ಎಷ್ಟು ಹೊಂದುತ್ತವೆ ಮತ್ತು ಕರ್ನಾಟಕದ ಕಾನೂನು ಎಲ್ಲಿ ಗೆರೆ ಎಳೆದಿದೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಕಾನೂನು

ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಯಾವುದೇ ಮದ್ಯ ತಯಾರಿಸುವಂತಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ 13ನೇ ಕಲಂ ತಯಾರಿಕೆಯನ್ನು ಮಾತ್ರವಲ್ಲ, ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣ ಇಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. ಉಲ್ಲಂಘಿಸಿದವರಿಗೆ 32ನೇ ಕಲಂನಡಿ ಜೈಲು ಮತ್ತು ದಂಡ. ‘ಮಾರುವುದಕ್ಕಲ್ಲ, ಮನೆಯವರಿಗಷ್ಟೇ’ ಎಂಬ ವಿನಾಯಿತಿ ಬಿಯರಿಗೆ ಇಲ್ಲ. ಬೆಂಗಳೂರಿನಲ್ಲಿ 2010ರಿಂದೀಚೆಗೆ ತಲೆಯೆತ್ತಿದ ಮೈಕ್ರೊಬ್ರೂವರಿಗಳು ಅದಕ್ಕೆಂದೇ ಪ್ರತ್ಯೇಕ ಪರವಾನಗಿ ಪಡೆದು ನಡೆಯುತ್ತಿವೆ.

ಹೊರದೇಶಗಳಲ್ಲಿ ಕಾನೂನು ಬೇರೆ. ಬ್ರಿಟನ್ನಿನಲ್ಲಿ ಮನೆಬಿಯರಿಗಿದ್ದ ಪರವಾನಗಿಯ ಕಟ್ಟಳೆಯನ್ನು 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ತೆಗೆದುಹಾಕಿದರು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾಯ್ದೆಯ ಪ್ರಕಾರ ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್ (ಸುಮಾರು 757 ಲೀಟರ್) ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಅಲ್ಲಿಯೂ ರಾಜ್ಯಗಳ ಕಾನೂನು ಬೇರೆಯೇ ಇದ್ದು, ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಷ್ಟೇ.

ಮನೆಯಲ್ಲಿ ಮಾಡುವುದಕ್ಕೆ ವಿನಾಯಿತಿ ಕೊಡಬೇಕೇ ಎಂಬ ಪ್ರಶ್ನೆ ನಮ್ಮ ದೇಶಕ್ಕೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಸುರೆ ರಾಜನ ಹತೋಟಿಯ ವಸ್ತು. ಆದರೆ ಕುಟುಂಬಸ್ಥರು ವಿಶೇಷ ಕಾರ್ಯಗಳಿಗೆ ಶ್ವೇತಸುರೆ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನ ಸಡಿಲಿಕೆ ಇದೆ.

ಕೆಳಗಿನ ಯೀಸ್ಟ್, ಹುದುಗುವಿಕೆಯ ವಿವರಗಳು ಮನೆಬಿಯರಿಗೆ ಅನುಮತಿ ಇರುವ ನಾಡುಗಳಲ್ಲಿ ನೆಲೆಸಿರುವವರಿಗೆ ಅನ್ವಯಿಸುತ್ತವೆ. ಹಾವೇರಿ ಜಿಲ್ಲೆಯಲ್ಲಿರುವವರಿಗೆ ಅವು ಓದಿ ತಿಳಿಯುವ ವಿಷಯ ಮಾತ್ರ.

‘ಸ್ಟ್ರಾಂಗ್’ ಎಂದರೆ ಎಷ್ಟು?

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ರೂಪಿಸಿದ ಮದ್ಯ ಮಾನದಂಡಗಳ ಪ್ರಕಾರ, ಗಾತ್ರದಲ್ಲಿ ಶೇ 5ಕ್ಕಿಂತ ಹೆಚ್ಚು, ಶೇ 8ರವರೆಗೆ ಆಲ್ಕೋಹಾಲ್ ಇರುವುದು ಸ್ಟ್ರಾಂಗ್ ಬಿಯರ್. ಭಾರತದಲ್ಲಿ ಮಾರಾಟವಾಗುವ ಬಿಯರಿನಲ್ಲಿ ದೊಡ್ಡ ಪಾಲು ಈ ವರ್ಗದ್ದೇ.

ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 180 ಗ್ರಾಂ ಗ್ಲೂಕೋಸಿನಿಂದ ಲೆಕ್ಕದ ಪ್ರಕಾರ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಅನಿಲ. ಹಾಗಾಗಿ ಬಿಯರಿನ ಬಲವನ್ನು ಮುಂಚೆಯೇ ಅಂದಾಜು ಮಾಡಲು ಸಿಹಿನೀರಿನ ಸಾಂದ್ರತೆ ಅಳೆದರೆ ಸಾಕು. ಮಾಲ್ಟಿನಿಂದ ಬಸಿದ ಈ ಸಿಹಿನೀರಿಗೆ ವರ್ಟ್ ಎಂದು ಹೆಸರು. ಅಳೆಯುವ ಸಾಧನ ಹೈಡ್ರೊಮೀಟರ್, ತೇಲುವ ಗಾಜಿನ ಕೊಳವೆ. ಬರಿ ನೀರಿನಲ್ಲಿ ಅದು 1.000 ತೋರಿಸುತ್ತದೆ, ಸಕ್ಕರೆ ಕರಗಿದಷ್ಟೂ ಕೊಳವೆ ಮೇಲೇಳುತ್ತದೆ. ಸಾಮಾನ್ಯ ಬಿಯರಿನ ವರ್ಟ್ 1.045ರ ಆಸುಪಾಸು, ಸ್ಟ್ರಾಂಗಿನದು 1.065ರಿಂದ 1.075.

ಹುದುಗುವ ಮುಂಚಿನ ಸಾಂದ್ರತೆಯಿಂದ ಹುದುಗಿದ ನಂತರದ್ದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಸಿಗುತ್ತದೆ. 1.070ರಲ್ಲಿ ಶುರುವಾಗಿ 1.013ರಲ್ಲಿ ನಿಂತರೆ ವ್ಯತ್ಯಾಸ 0.057, ಬಲ ಸುಮಾರು ಶೇ 7.5. ಇಂಗ್ಲೆಂಡಿನಲ್ಲಿ ಜಾನ್ ರಿಚರ್ಡ್ಸನ್ 1784ರಲ್ಲಿ ಬಿಯರ್ ಕಾರ್ಖಾನೆಗಳಿಗೆಂದು ಈ ಬಗೆಯ ಮಾಪಕವನ್ನು ಬಳಕೆಗೆ ತಂದ. ಅದಕ್ಕೂ ಮುಂಚಿನ ಬಹುತೇಕರಿಗೆ ನಾಲಿಗೆ ಮತ್ತು ಅನುಭವವೇ ಮಾಪಕ.

ಕಾಳಿನಿಂದ ಮಾಲ್ಟ್

ಒಣಕಾಳಿನಲ್ಲಿ ಪಿಷ್ಟ ತುಂಬಿರುತ್ತದೆ, ಸಕ್ಕರೆ ತೀರ ಕಡಿಮೆ. ಕಾಳು ನೆನೆದು ಮೊಳೆತಾಗ ಎಳೆ ಸಸಿಗೆ ಊಟ ಒದಗಿಸಲು ಅಮೈಲೇಸ್ ಎಂಬ ಕಿಣ್ವಗಳು ಹುಟ್ಟಿಕೊಳ್ಳುತ್ತವೆ. ಸಸಿ ಆ ಊಟ ಮುಗಿಸುವ ಮುಂಚೆ ಕಾಳನ್ನು ಒಣಗಿಸಿಬಿಟ್ಟರೆ ಪಿಷ್ಟವೂ ಉಳಿಯುತ್ತದೆ, ಕಿಣ್ವವೂ ಉಳಿಯುತ್ತದೆ. ಅದೇ ಮಾಲ್ಟ್.

ಕಾರ್ಖಾನೆಯಲ್ಲಿ ಬಾರ್ಲಿಯನ್ನು ಅದರ ತೂಕದ ಶೇ 42ರಿಂದ 46ರಷ್ಟು ತೇವ ಹಿಡಿಯುವವರೆಗೆ ನೆನೆಸಿ, ತಂಪಿನಲ್ಲಿ ನಾಲ್ಕರಿಂದ ಆರು ದಿನ ಮೊಳಕೆ ಬರಿಸುತ್ತಾರೆ. ನಂತರ ಬಿಸಿಗಾಳಿಯಲ್ಲಿ ಮೆಲ್ಲಗೆ ಒಣಗಿಸಿ ಕೊನೆಗೆ 80 ಡಿಗ್ರಿಯ ಹತ್ತಿರಕ್ಕೆ ಒಯ್ಯುತ್ತಾರೆ. ಹಸಿ ಇರುವಾಗಲೇ ಉರಿ ಏರಿಸಿದರೆ ಕಿಣ್ವ ಸಾಯುತ್ತದೆ. ಒಣಗಿದ ಮೇಲೆ ಏರಿಸಿದರೆ ಬಹುಪಾಲು ಬದುಕುತ್ತದೆ. ಬಾರ್ಲಿ ನಮ್ಮ ಸೀಮೆಯ ಬೆಳೆಯಲ್ಲ. ಭಾರತದಲ್ಲಿ ಅದು ಮುಖ್ಯವಾಗಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣಗಳ ಹಿಂಗಾರಿ ಬೆಳೆ.

ಮ್ಯಾಶಿಂಗ್: ಬಿಸಿನೀರಿನಲ್ಲಿ ಒಂದು ಗಂಟೆ

ಗಿರಣಿಯಲ್ಲಿ ರವೆಯಂತೆ ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿ ನಿಗದಿತ ಶಾಖದಲ್ಲಿ ಇಡುವುದೇ ಮ್ಯಾಶಿಂಗ್. ಇಲ್ಲಿ ದುಡಿಯುವುದು ಎರಡು ಕಿಣ್ವಗಳು. ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿಯಲ್ಲಿ ಚುರುಕಾಗಿದ್ದು, ಯೀಸ್ಟ್ ಸುಲಭವಾಗಿ ತಿನ್ನುವ ಮಾಲ್ಟೋಸ್ ಕೊಡುತ್ತದೆ. ಆಲ್ಫಾ ಅಮೈಲೇಸಿಗೆ 68ರಿಂದ 72 ಡಿಗ್ರಿ ಹಿತ. ಅದು ಪಿಷ್ಟದ ಉದ್ದ ಸರಪಳಿಗಳನ್ನು ತುಂಡರಿಸುತ್ತದೆ. ಎರಡಕ್ಕೂ ಒಗ್ಗುವ ನಡುವಿನ ಶಾಖ 65–67 ಡಿಗ್ರಿ, ಸಮಯ ಸುಮಾರು ಒಂದು ಗಂಟೆ. ಸ್ಟ್ರಾಂಗ್ ಬಿಯರ್ ಕುಡಿದಾಗ ಪಾಕದಂತೆ ಅಂಟದಿರಬೇಕಾದರೆ 64–65ಕ್ಕೆ ಇಳಿಸಿ ಸಮಯವನ್ನು ಒಂದೂವರೆ ಗಂಟೆಗೆ ಏರಿಸುವುದು ರೂಢಿ.

ಹಾವೇರಿ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು 550–600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ಐದು ಪಾಲು ಕುದಿಯುವ ನೀರಿಗೆ 27 ಡಿಗ್ರಿಯ ಮೂರು ಪಾಲು ತಣ್ಣೀರು ಬೆರೆಸಿದರೆ ಸುಮಾರು 71–72 ಡಿಗ್ರಿ ಬರುತ್ತದೆ. ಒಂದು ಕಿಲೊ ಮಾಲ್ಟಿಗೆ ಆ ನೀರು ಎರಡೂವರೆ ಲೀಟರ್ ಹಾಕಿದರೆ, ಕಾಳು ಒಂದಿಷ್ಟು ಶಾಖ ಹೀರಿ ಮಿಶ್ರಣ 66ರ ಸುತ್ತ ನಿಲ್ಲುತ್ತದೆ. ಮುಚ್ಚಳ ಹಾಕಿ ಕಂಬಳಿ ಸುತ್ತಿಟ್ಟರೆ ಒಂದು ಗಂಟೆಯಲ್ಲಿ ಕೆಲವೇ ಡಿಗ್ರಿ ಇಳಿಯುತ್ತದೆ. ದುಬಾರಿ ಉಪಕರಣ ಬೇಕಿಲ್ಲ. ಆದರೂ ಥರ್ಮಾಮೀಟರ್ ಒಂದಿದ್ದರೆ ಊಹೆಯ ಕೆಲಸ ತಪ್ಪುತ್ತದೆ.

ಥರ್ಮಾಮೀಟರ್ ಬರುವ ಮುಂಚೆ ಜರ್ಮನಿ, ಬೊಹೀಮಿಯಾದ ಬಿಯರ್ ತಯಾರಕರು ಮ್ಯಾಶಿನ ಒಂದು ಭಾಗ ತೆಗೆದು ಕುದಿಸಿ ಮತ್ತೆ ಅದೇ ಪಾತ್ರೆಗೆ ಸುರಿದು ಶಾಖ ಏರಿಸುತ್ತಿದ್ದರು. ದೊಡ್ಡ ಕಟ್ಟಿಗೆ ತೊಟ್ಟಿಯನ್ನು ಒಲೆಯ ಮೇಲೆ ಇಡಲಾಗದವರು ಕಂಡುಕೊಂಡ ಈ ಉಪಾಯಕ್ಕೆ ಡಿಕಾಕ್ಷನ್ ಎಂದು ಹೆಸರು. ಸಣ್ಣ ಪಾತ್ರೆಯವರಿಗೆ ಅದು ಇಂದಿಗೂ ಉಪಯುಕ್ತ.

ಪಿಷ್ಟ ಪೂರ್ತಿ ಕರಗಿತೇ ಎಂದು ತಿಳಿಯಲು ಒಂದು ಹನಿ ವರ್ಟನ್ನು ಬಿಳಿ ತಟ್ಟೆಯ ಮೇಲಿಟ್ಟು ಟಿಂಕ್ಚರ್ ಅಯೋಡಿನ್ ಹನಿಸುತ್ತಾರೆ. ಕಡುನೀಲಿಯಾದರೆ ಪಿಷ್ಟ ಉಳಿದಿದೆ, ಬಣ್ಣ ಬದಲಾಗದಿದ್ದರೆ ಕೆಲಸ ಮುಗಿದಿದೆ. ಪರೀಕ್ಷಿಸಿದ ಹನಿಯನ್ನು ಚೆಲ್ಲಬೇಕು.

ಪಾತ್ರೆ ಎಲ್ಲಿ ಅಡ್ಡ ಬರುತ್ತದೆ?

ಸಾಂದ್ರತೆಯ ದಶಾಂಶದ ನಂತರದ ಅಂಕೆಗಳನ್ನು ‘ಅಂಕ’ ಎಂದು ಎಣಿಸೋಣ, 1.070 ಎಂದರೆ 70 ಅಂಕ. ಹತ್ತು ಲೀಟರಿಗೆ ಒಟ್ಟು 700 ಅಂಕ ಬೇಕು. ಒಂದು ಕಿಲೊ ಒಳ್ಳೆಯ ಬಾರ್ಲಿ ಮಾಲ್ಟಿನಲ್ಲಿ ಸುಮಾರು 300 ಅಂಕ ಅಡಗಿವೆ. ಮನೆಯ ಸಾಧನಗಳಿಂದ ಅದರ ಶೇ 70ರಷ್ಟು ಹೊರಬಂದರೆ 210. ಅಂದರೆ 700 ಅಂಕಕ್ಕೆ 3.3 ಕಿಲೊ ಮಾಲ್ಟ್.

ಇನ್ನು ಜಾಗದ ಲೆಕ್ಕ. ಒಂದು ಕಿಲೊ ಮಾಲ್ಟ್ ನೀರಿನೊಳಗೆ ಸುಮಾರು 0.67 ಲೀಟರ್ ಜಾಗ ತಿನ್ನುತ್ತದೆ. ಅದಕ್ಕೆ ಎರಡೂವರೆ ಲೀಟರ್ ನೀರು ಸೇರಿಸಿದರೆ ಕಿಲೊಗೆ 3.2 ಲೀಟರಿನಷ್ಟಾಯಿತು. 3.3 ಕಿಲೊಗೆ ಹತ್ತೂವರೆ ಲೀಟರ್ ಜಾಗ ಬೇಕು. ಮನೆಯಲ್ಲಿರುವುದು ಐದು ಲೀಟರಿನ ತಪೇಲಿಯಾದರೆ ಒಂದು ಸಲಕ್ಕೆ ಹಿಡಿಯುವುದು ಒಂದೂವರೆ ಕಿಲೊ ಮಾತ್ರ. ಸಿಗುವುದು 315 ಅಂಕ. ಕೊರತೆ 385 ಅಂಕ. ಇದನ್ನು ತುಂಬುವುದಕ್ಕೇ ಮುಂದಿನ ಉಪಾಯಗಳೆಲ್ಲ ಹುಟ್ಟಿವೆ.

ಕೊರತೆ ತುಂಬುವ ಆರು ದಾರಿಗಳು

*ಪ್ರಮಾಣ ಇಳಿಸುವುದು.* ಎಲ್ಲಕ್ಕಿಂತ ಸರಳ ದಾರಿ ಇದು. 315 ಅಂಕವನ್ನು ನಾಲ್ಕೂವರೆ ಲೀಟರಿನಲ್ಲೇ ಹಿಡಿದಿಟ್ಟರೆ ಸಾಂದ್ರತೆ 1.070. ಬಾಟಲಿ ಕಡಿಮೆ, ಬಲ ಅಷ್ಟೇ.

*ಮಾಲ್ಟ್ ಸಾರದ ಪುಡಿ.* ಕಾರ್ಖಾನೆಯಲ್ಲಿ ವರ್ಟನ್ನು ಒಣಗಿಸಿ ಮಾಡಿದ ಪುಡಿ ಹೊರದೇಶದ ಹವ್ಯಾಸಿ ಅಂಗಡಿಗಳಲ್ಲಿ ಸಿಗುತ್ತದೆ. ಕಿಲೊಗೆ ಸುಮಾರು 370 ಅಂಕ ಕೊಡುವುದರಿಂದ ಮೇಲಿನ ಕೊರತೆಗೆ ಒಂದು ಕಿಲೊಗಿಂತ ತುಸು ಹೆಚ್ಚು ಸಾಕು. ಕಾಳಿನ ರುಚಿ ಸಣ್ಣ ಮ್ಯಾಶಿನಿಂದ, ಬಲ ಪುಡಿಯಿಂದ. ಹೊಸಬರಿಗೆ ಇದಕ್ಕಿಂತ ಭರವಸೆಯ ದಾರಿ ಇಲ್ಲ, ಆದರೆ ಖರ್ಚು ಹೆಚ್ಚು.

*ಸಕ್ಕರೆ ಅಥವಾ ಬೆಲ್ಲ.* ಸಕ್ಕರೆ ಕಿಲೊಗೆ ಸುಮಾರು 385 ಅಂಕ ಕೊಡುತ್ತದೆ, ಮ್ಯಾಶಿಂಗ್ ಬೇಡ. 700ರಲ್ಲಿ ಶೇ 20ರಷ್ಟು, ಅಂದರೆ 140 ಅಂಕವನ್ನು 365 ಗ್ರಾಂ ಸಕ್ಕರೆಯಿಂದ ಪಡೆದರೆ ಮಾಲ್ಟ್ 2.7 ಕಿಲೊಗೆ ಇಳಿಯುತ್ತದೆ. ಎಂಟೂವರೆ ಲೀಟರಿನ ಪಾತ್ರೆ ಸಾಕು. ಬೆಲ್ಜಿಯಂನ ಪ್ರಸಿದ್ಧ ಸ್ಟ್ರಾಂಗ್ ಬಿಯರುಗಳಲ್ಲಿ ಸಕ್ಕರೆ ಹಾಕುವುದು ಹಳೆಯ ಪದ್ಧತಿ. ಪಾಲು ಮೀರಿದರೆ ಬಿಯರು ತೆಳುವಾಗಿ, ಆಲ್ಕೋಹಾಲಿನ ಉರಿ ಮಾತ್ರ ಎದ್ದು ಕಾಣುತ್ತದೆ.

*ಮರು ಮ್ಯಾಶಿಂಗ್.* ಮೊದಲ ಒಂದೂವರೆ ಕಿಲೊ ಮಾಲ್ಟಿನಿಂದ ಬಸಿದ ವರ್ಟನ್ನೇ ಬಿಸಿ ಮಾಡಿ, ಎರಡನೆಯ ಕಂತಿನ ಮಾಲ್ಟಿಗೆ ನೀರಿನ ಬದಲು ಬಳಸುವುದು. ಸಕ್ಕರೆಯ ಮೇಲೆ ಸಕ್ಕರೆ ಕೂಡುತ್ತದೆ. ಪ್ರತಿ ಕಂತಿನ ಚರಟ ಕಿಲೊಗೆ ಸುಮಾರು ಒಂದು ಲೀಟರ್ ವರ್ಟನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುವುದರಿಂದ ಎರಡನೆಯ ಸಲ ನಷ್ಟ ಹೆಚ್ಚು. ಸಮಯವೂ ಇಮ್ಮಡಿ. ಆದರೆ ಹೊರಗಿನ ಪುಡಿ, ಸಕ್ಕರೆ ಯಾವುದೂ ಇಲ್ಲದೆ ಬರಿ ಕಾಳಿನಿಂದ ಬಲ ಬೇಕೆನ್ನುವವರ ದಾರಿ ಇದು.

*ಮೊದಲ ಬಸಿ, ಎರಡನೆಯ ಬಸಿ.* ಮೊದಲು ಬಸಿಯುವ ವರ್ಟು ಅತಿ ಗಟ್ಟಿ. ಒಟ್ಟು ವರ್ಟಿನ ಮೊದಲ ಮೂರನೇ ಒಂದು ಭಾಗದಲ್ಲೇ ಅರ್ಧದಷ್ಟು ಸಕ್ಕರೆ ಬಂದುಬಿಡುತ್ತದೆ ಎಂಬುದು ಹಳೆಯ ಅಂದಾಜು. ಅದನ್ನು ಪ್ರತ್ಯೇಕ ತೆಗೆದು ಸ್ಟ್ರಾಂಗ್ ಬಿಯರ್, ಉಳಿದ ಚರಟಕ್ಕೆ ಮತ್ತೆ ಬಿಸಿನೀರು ಹೊಯ್ದು ಸೌಮ್ಯ ಬಿಯರ್: ಇಂಗ್ಲೆಂಡಿನ ಹಳೆಯ ಮನೆತನಗಳು, ಕಾರ್ಖಾನೆಗಳು ಹೀಗೆ ಒಂದೇ ಮ್ಯಾಶಿನಿಂದ ಎರಡು ಬಗೆ ತೆಗೆಯುತ್ತಿದ್ದವು.

*ದೀರ್ಘ ಕುದಿತ.* 1.047ರ 15 ಲೀಟರ್ ವರ್ಟನ್ನು 10 ಲೀಟರಿಗೆ ಇಳಿಯುವವರೆಗೆ ಕುದಿಸಿದರೆ 1.070 ಆಗುತ್ತದೆ. ಸಕ್ಕರೆ ಎಲ್ಲಿಯೂ ಹೋಗುವುದಿಲ್ಲ, ನೀರಷ್ಟೇ ಆವಿಯಾಗುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬೆಲ್ಲದತ್ತ ಸಾಗುವ ಹಾಗೆ. ಬಣ್ಣ ಗಾಢವಾಗುತ್ತದೆ, ಕಂದಿದ ಸಕ್ಕರೆಯ ರುಚಿ ಸೇರುತ್ತದೆ. ಉರುವಲಿನ ಖರ್ಚು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಪಾತ್ರೆಯ ಜೊತೆಗೆ ಸೋಸುವ ತೊಡಕೂ ಇದೆ. ಜಾಲರಿ ಹಾಕಿದ ಪ್ರತ್ಯೇಕ ತೊಟ್ಟಿ ಇಲ್ಲದವರಿಗೆ ಆಸ್ಟ್ರೇಲಿಯಾದ ಹವ್ಯಾಸಿಗಳು 2000ರ ದಶಕದಲ್ಲಿ ಜನಪ್ರಿಯಗೊಳಿಸಿದ ಚೀಲದ ಪದ್ಧತಿ ಬಹಳ ಅನುಕೂಲ. ಮಾಲ್ಟನ್ನು ತೆಳು ಅರಿವೆಯ ಚೀಲದಲ್ಲಿ ತುಂಬಿ ತಪೇಲಿಯ ಬಿಸಿನೀರಿಗೆ ಇಳಿಸುತ್ತಾರೆ. ಗಂಟೆಯಾದ ಮೇಲೆ ಎತ್ತಿ, ತೂಗುಹಾಕಿ, ಹಿಂಡುತ್ತಾರೆ. ಅದೇ ತಪೇಲಿಯಲ್ಲಿ ಕಹಿ ಕೊಡುವ ಹಾಪ್ಸ್ ಹೂವು ಹಾಕಿ ಒಂದು ಗಂಟೆ ಕುದಿಸಿದರಾಯಿತು. ಶ್ರೀಖಂಡಕ್ಕೆ ಮೊಸರು ಕಟ್ಟಿ ತೂಗುಹಾಕುವ ಮನೆಗಳಲ್ಲಿ ಇಂಥ ಅರಿವೆ ಇದ್ದೇ ಇರುತ್ತದೆ.

ನಮ್ಮ ಸೀಮೆಯ ಕಾಳುಗಳು

ಹಾವೇರಿ ಜಿಲ್ಲೆ ರಾಜ್ಯದಲ್ಲಿ ಗೋವಿನಜೋಳ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲೊಂದು. ಹಾನಗಲ್ಲಿನ ಕೆರೆ ಬಯಲಲ್ಲಿ ಭತ್ತ, ಸವಣೂರಿನ ಕಪ್ಪು ನೆಲದಲ್ಲಿ ಜೋಳ. ಇವು ಬಿಯರಿನ ವಿಜ್ಞಾನಕ್ಕೆ ಹೇಗೆ ಒದಗುತ್ತವೆ?

ಗೋವಿನಜೋಳ ಮತ್ತು ಅಕ್ಕಿಯ ಪಿಷ್ಟ ಬಾರ್ಲಿಯದಕ್ಕಿಂತ ಹೆಚ್ಚಿನ ಶಾಖದಲ್ಲಿ ಉಬ್ಬುತ್ತದೆ. 66 ಡಿಗ್ರಿಯ ಮ್ಯಾಶಿಗೆ ಹಸಿ ನುಚ್ಚು ಹಾಕಿದರೆ ಕಿಣ್ವದ ಕೈಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಮೊದಲು ನುಚ್ಚನ್ನು ಗಂಜಿಯಾಗುವಂತೆ ಬೇಯಿಸಿ, ತಕ್ಕಷ್ಟು ಆರಿಸಿ, ಬಾರ್ಲಿ ಮಾಲ್ಟಿನೊಂದಿಗೆ ಬೆರೆಸಬೇಕು. ಭಾರತದ ಕಾರ್ಖಾನೆಗಳೂ ಅಕ್ಕಿ, ಗೋವಿನಜೋಳಗಳನ್ನು ಬಾರ್ಲಿಯ ಜೊತೆ ಬಳಸುತ್ತವೆ. ಗೋವಿನಜೋಳದ ಮೊಳೆಯುವ ಭಾಗದಲ್ಲಿ ಎಣ್ಣೆ ಇರುವುದರಿಂದ ಅದನ್ನು ತೆಗೆದ ನುಚ್ಚೇ ಆಗಬೇಕು. ಎಣ್ಣೆ ಬಿಯರಿನ ನೊರೆ ನಿಲ್ಲಲು ಬಿಡುವುದಿಲ್ಲ.

ಜೋಳದಿಂದ ಆಫ್ರಿಕಾದ ಹಲವು ನಾಡುಗಳಲ್ಲಿ ಸಾಂಪ್ರದಾಯಿಕ ಬಿಯರ್ ಆಗುತ್ತದೆ. 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟಿನ ಆಮದು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೂ ಜೋಳ, ಗೋವಿನಜೋಳಗಳತ್ತ ಹೊರಳಿದವು. ಆದರೆ ಜೋಳದ ಮಾಲ್ಟಿನಲ್ಲಿ ಬೀಟಾ ಅಮೈಲೇಸ್ ಕಡಿಮೆ. ಜೊತೆಗೆ ಜೋಳದ ಮೊಳಕೆಯಲ್ಲಿ ಸೈನೈಡ್ ಬಿಡುಗಡೆ ಮಾಡಬಲ್ಲ ಧುರಿನ್ ಎಂಬ ವಸ್ತು ಇರುತ್ತದೆ. ಹಾಗಾಗಿ ಒಣಗಿದ ಮೇಲೆ ಬೇರು ಮತ್ತು ಮೊಳಕೆಯನ್ನು ಪೂರ್ತಿ ಉಜ್ಜಿ, ಕೇರಿ ತೆಗೆಯಬೇಕು. ಎಳೆ ಜೋಳ ಮೇಯ್ದ ದನಗಳಿಗೆ ವಿಷವೇರುವುದನ್ನು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವೆಲ್ಲಕ್ಕಿಂತ ಮಾಲ್ಟಿಗೆ ಒಗ್ಗುವ ನಾಡಿನ ಕಾಳು ರಾಗಿ. ಉಷ್ಣವಲಯದ ಕಿರುಕಾಳುಗಳಲ್ಲಿ ಅದರ ಮೊಳಕೆಯ ಅಮೈಲೇಸ್ ಶಕ್ತಿ ಎದ್ದುಕಾಣುವಂಥದ್ದು, ಮೊಳೆಯುವಾಗ ಬೂಸಲು ಹಿಡಿಯುವುದೂ ಕಡಿಮೆ. ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಪಳಗಿ ಭಾರತಕ್ಕೆ ಬಂದ ಈ ಧಾನ್ಯದ ಕಾಳುಗಳು ಹಿರೇಕೆರೂರು ಸೀಮೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ವರದಿ ಇದೆ. ತುಂಗಭದ್ರೆಯ ದಂಡೆಯ ಈ ನೆಲೆಯನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದರು, ಆ ಕಾಳುಗಳ ಗುರುತು, ಕಾಲದ ಬಗ್ಗೆ ವಿದ್ವಾಂಸರ ಚರ್ಚೆ ನಡೆದೇ ಇದೆ. ಭತ್ತದ ಎದುರು ರಾಗಿಯನ್ನು ಗೆಲ್ಲಿಸಿದ ‘ರಾಮಧಾನ್ಯ ಚರಿತೆ’ ಬರೆದ ಕನಕದಾಸರು ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ. ಬೆಂಗಳೂರಿನ ಕೆಲವು ಮೈಕ್ರೊಬ್ರೂವರಿಗಳು ಈಗ ರಾಗಿ ಬೆರೆಸಿದ ಬಿಯರ್ ಮಾಡುತ್ತಿವೆ.

ಮ್ಯಾಶಿಂಗೇ ಇಲ್ಲದ ಪದ್ಧತಿಗಳು

ಉಪಕರಣ ಕಡಿಮೆ ಇದ್ದಲ್ಲಿ ಮ್ಯಾಶಿಂಗನ್ನೇ ಬಿಟ್ಟುಕೊಟ್ಟ ಸಮಾಜಗಳೂ ಇವೆ. ಸಿಕ್ಕಿಂ, ನೇಪಾಳದ ಬೆಟ್ಟಗಳಲ್ಲಿ ಬೇಯಿಸಿದ ರಾಗಿಗೆ ಮರ್ಚಾ ಎಂಬ ಒಣ ಬಿಲ್ಲೆ ಪುಡಿಮಾಡಿ ಬೆರೆಸಿ ಇಡುತ್ತಾರೆ. ಬಿಲ್ಲೆಯಲ್ಲಿ ಬೂಸಲೂ ಇದೆ, ಯೀಸ್ಟೂ ಇದೆ. ಬೂಸಲು ಪಿಷ್ಟವನ್ನು ಸಕ್ಕರೆ ಮಾಡುತ್ತ ಹೋದಂತೆ ಯೀಸ್ಟು ಅದನ್ನು ಅಲ್ಲೇ ಆಲ್ಕೋಹಾಲ್ ಮಾಡುತ್ತದೆ. ಸಕ್ಕರೆ ಒಮ್ಮೆಗೇ ಶೇಖರವಾಗದೆ ಸ್ವಲ್ಪ ಸ್ವಲ್ಪವಾಗಿ ಬರುವುದರಿಂದ ಯೀಸ್ಟಿಗೆ ಆಯಾಸ ಕಡಿಮೆ; ದೊಡ್ಡ ಪಾತ್ರೆ, ಥರ್ಮಾಮೀಟರ್ ಯಾವುದೂ ಬೇಡ. ಹುದುಗಿದ ರಾಗಿಗೆ ಬಿಸಿನೀರು ಹೊಯ್ದು ಬಿದಿರ ಕೊಳವೆಯಲ್ಲಿ ಹೀರುವ ತೋಂಗ್ಬಾ ಹೀಗೇ ಆಗುವುದು. ಅರ್ಥಶಾಸ್ತ್ರ ಹೇಳುವ ‘ಕಿಣ್ವ’ ಕೂಡ ಇಂಥದೇ ಹೆಪ್ಪು. ಅಕ್ಕಿ, ನೀರು, ಕಿಣ್ವ ಸೇರಿಸಿ ಮಾಡುವ ಮೇದಕ ಎಂಬ ಪಾನೀಯದ ಅಳತೆಯನ್ನು ಆ ಗ್ರಂಥ ಕೊಡುತ್ತದೆ.

ಗಟ್ಟಿ ವರ್ಟು, ಬಳಲುವ ಯೀಸ್ಟು

ಸಿಹಿ ಹೆಚ್ಚಿದಷ್ಟೂ ಯೀಸ್ಟಿನ ಕೆಲಸ ಕಷ್ಟ. ಸುತ್ತಲಿನ ಸಾಂದ್ರ ಸಕ್ಕರೆ ಅದರ ಜೀವಕೋಶದ ನೀರನ್ನು ಎಳೆಯುತ್ತದೆ, ಕೊನೆಗೆ ತಾನೇ ಮಾಡಿದ ಆಲ್ಕೋಹಾಲೂ ಅದಕ್ಕೆ ವಿಷ. 11 ಗ್ರಾಂ ಒಣ ಯೀಸ್ಟು ಸಾಮಾನ್ಯ ಬಿಯರಿನ 20 ಲೀಟರಿಗೆ ಸಾಲುತ್ತದೆ, 1.070ರ ವರ್ಟಿಗೆ ಅದೇ ಪೊಟ್ಟಣವನ್ನು 10 ಲೀಟರಿಗೇ ಹಾಕುವುದು ಒಳ್ಳೆಯದು. ಯೀಸ್ಟ್ ಹಾಕುವ ಮುನ್ನ ತಣಿದ ವರ್ಟನ್ನು ಚೆನ್ನಾಗಿ ಕುಲುಕಿ ಗಾಳಿ ಬೆರೆಸಬೇಕು.

ಮನೆಬಿಯರಿಗೆ ಸಾಮಾನ್ಯವಾಗಿ ಬಳಸುವ ಏಲ್ ಬಗೆಯ ಯೀಸ್ಟಿಗೆ 18–20 ಡಿಗ್ರಿ ಹಿತ. ಮೂವತ್ತು ದಾಟಿದರೆ ಪೇಂಟ್ ಥಿನ್ನರಿನಂಥ ವಾಸನೆ, ಭಾರ ಆಲ್ಕೋಹಾಲುಗಳು ಹೆಚ್ಚುತ್ತವೆ. ಸ್ಟ್ರಾಂಗ್ ಬಿಯರಿನಲ್ಲಿ ಈ ದೋಷ ಇನ್ನೂ ಢಾಳು. ಸೆಕೆಯ ನಾಡಿನವರು ಪಾತ್ರೆಯನ್ನು ನೀರಿನ ಬೋಗುಣಿಯಲ್ಲಿಟ್ಟು ಒದ್ದೆ ಗೋಣಿ ಸುತ್ತುತ್ತಾರೆ. ನಾರ್ವೆಯ ಹಳ್ಳಿಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟು ಮಾತ್ರ 35 ಡಿಗ್ರಿಯ ಆಸುಪಾಸಿನಲ್ಲೂ ಶುದ್ಧವಾಗಿ ಹುದುಗುತ್ತದೆ.

ಹುದುಗುವಿಕೆ ನಿಂತಿದೆಯೇ ಎಂದು ಹೈಡ್ರೊಮೀಟರ್ ಕೆಲವು ದಿನ ಒಂದೇ ಅಂಕೆ ತೋರಿಸಿದ ಮೇಲಷ್ಟೇ ನಿರ್ಧರಿಸಬೇಕು. ಅದಕ್ಕೂ ಮುಂಚೆ ಬಾಟಲಿಗೆ ತುಂಬಿದರೆ ಒಳಗೆ ಅನಿಲ ಏರಿ ಗಾಜು ಸಿಡಿಯುತ್ತದೆ. ನೊರೆಗೆಂದು ಬಾಟಲಿಯಲ್ಲಿ ಹಾಕುವ ಸಕ್ಕರೆ ಲೀಟರಿಗೆ 6–7 ಗ್ರಾಂ ಮೀರಬಾರದು.

ಅಪಾಯ ಎಲ್ಲಿದೆ?

ಕಾಳಿನಿಂದ ಹುದುಗಿಸಿದ ಬಿಯರಿನಲ್ಲಿ ಜೀವಕ್ಕೆ ಕುತ್ತು ತರುವಷ್ಟು ಮೆಥನಾಲ್ ಆಗುವುದಿಲ್ಲ. ಕಳ್ಳಬಟ್ಟಿ ದುರಂತಗಳಿಗೆ ಕಾರಣ ಹೆಚ್ಚಾಗಿ ಕೈಗಾರಿಕಾ ಮೆಥನಾಲಿನ ಕಲಬೆರಕೆ. 1981ರಲ್ಲಿ ಬೆಂಗಳೂರಿನಲ್ಲಿ ಅಂಥ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಹೊಸೂರು ಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಂದಿ ವಿಷಮದ್ಯಕ್ಕೆ ಬಲಿಯಾದರು. ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ. ಮನೆಬಿಯರಿಗೆ ಒಪ್ಪಿಗೆ ಕೊಟ್ಟ ಅಮೆರಿಕ, ಬ್ರಿಟನ್ನುಗಳೂ ಪರವಾನಗಿ ಇಲ್ಲದೆ ಭಟ್ಟಿ ಇಳಿಸಲು ಬಿಡುವುದಿಲ್ಲ.

ಬಿಯರಿನ ಅಪಾಯಗಳು ಬೇರೆ ಬಗೆಯವು. ಕುದಿಯುವ ವರ್ಟು ಉಕ್ಕಿ ಮೈ ಸುಡುವುದು, ಗಾಳಿಯಾಡದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುವುದು, ಬಾಟಲಿ ಸಿಡಿಯುವುದು, ಪಾತ್ರೆ ಶುಚಿಯಿಲ್ಲದೆ ಬಿಯರು ಹುಳಿಯುವುದು. ಶೇ 7.5ರ ಬಿಯರು ಶೇ 4.5ರದ್ದಕ್ಕೆ ಹೋಲಿಸಿದರೆ ಪ್ರತಿ ಗುಟುಕಿಗೂ ಒಂದೂವರೆ ಪಟ್ಟಿಗಿಂತ ಹೆಚ್ಚು ಆಲ್ಕೋಹಾಲನ್ನು ದೇಹಕ್ಕೆ ಇಳಿಸುತ್ತದೆ ಎಂಬುದೂ ನೆನಪಿರಬೇಕು.

ಹಾವೇರಿಯ ಅಡುಗೆಮನೆಗೆ ಇದರಿಂದೇನು?

ಯೀಸ್ಟ್ ಬೀಳುವ ಮುಂಚಿನ ವಿಜ್ಞಾನ ನಮಗೆ ಪೂರ್ತಿ ಉಪಯೋಗದ್ದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ, ಎಚ್.ಎಸ್.ಆರ್. ದೇಶಿಕಾಚಾರ್ ಅವರು ಕಿರುಧಾನ್ಯಗಳ ಮಾಲ್ಟಿಂಗ್ ಕುರಿತು ನಡೆಸಿದ ಸಂಶೋಧನೆ ಈ ದಿಕ್ಕಿನದು. ಸಾದಾ ರಾಗಿ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದರಿಂದ ಕೂಸಿಗೆ ತಿನ್ನಿಸಲು ನೀರು ಹೆಚ್ಚಿಸಬೇಕು. ಹೊಟ್ಟೆ ತುಂಬಿದರೂ ಸತ್ವ ಸಾಲದು. ಮೊಳಕೆ ಹಿಟ್ಟಿನ ಅಮೈಲೇಸ್ ಪಿಷ್ಟವನ್ನು ಕತ್ತರಿಸಿ ಗಂಜಿಯನ್ನು ತೆಳುವಾಗಿಸುತ್ತದೆ. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಸಣ್ಣ ಪಾತ್ರೆಯಲ್ಲಿ ಹೆಚ್ಚು ಸತ್ವ ತುಂಬುವ ಲೆಕ್ಕ ಇಲ್ಲಿಯೂ ಅದೇ.

ಮಾಡುವುದು ಹೀಗೆ: ರಾಗಿಯನ್ನು ತೊಳೆದು ಎಂಟರಿಂದ ಹನ್ನೆರಡು ಗಂಟೆ ನೆನೆಸಿ, ಒದ್ದೆ ಅರಿವೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ. ಬಿಸಿಲಲ್ಲಿ ಗರಿಗರಿ ಒಣಗಿಸಿ, ಬೇರನ್ನು ಉಜ್ಜಿ ತೆಗೆದು ಬೀಸಿಸಿ. ಘಮಕ್ಕಾಗಿ ಜೋರಾಗಿ ಹುರಿದರೆ ಕಿಣ್ವ ಸಾಯುತ್ತದೆ. ಆದ್ದರಿಂದ ಒಂದು ಪಾಲನ್ನು ಹುರಿಯದೆ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಸಾದಾ ಗಂಜಿ ಕುದಿಸಿ, ಕೈ ತಾಳದ ಬಿಸಿಗೆ, ಅಂದರೆ 65 ಡಿಗ್ರಿಯ ಸುತ್ತ ಆರಿಸಿ, ಈ ಹಿಟ್ಟು ಒಂದು ಚಮಚ ಕಲಸಿ ಮುಚ್ಚಿಡಿ. ಹತ್ತು ನಿಮಿಷದಲ್ಲಿ ಗಂಜಿ ತೆಳುವಾಗಿ ನಾಲಿಗೆಗೆ ಸಿಹಿ ತಾಗುತ್ತದೆ. ಕೂಸಿಗೆ ಕೊಡುವ ಮುನ್ನ ಮತ್ತೊಮ್ಮೆ ಕುದಿಸಿ ಆರಿಸಬೇಕು.

ಒಟ್ಟಿನಲ್ಲಿ, ಸಣ್ಣ ತಪೇಲಿ ಸ್ಟ್ರಾಂಗ್ ಬಿಯರಿಗೆ ಅಡ್ಡಿಯಲ್ಲ. ಅಂಕಗಳ ಲೆಕ್ಕ ಸರಿಯಿದ್ದರೆ ಐದು ಲೀಟರಿನಲ್ಲೂ ಅದು ಸಾಧ್ಯ. ಮನೆಬಿಯರಿಗೆ ಅನುಮತಿ ಇರುವ ದೇಶದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಮಿತಿ ಎಷ್ಟೆಂದು ತಿಳಿದುಕೊಂಡು, ಮೊದಲು ಪ್ರಮಾಣ ಇಳಿಸಿ ಅಥವಾ ಮಾಲ್ಟ್ ಪುಡಿ ಸೇರಿಸಿ ಶುರು ಮಾಡುವುದು ಜಾಣತನ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲಿ ಇರುವವರು ರಾಗಿಯ ಸಿಹಿಗಂಜಿಗೇ ನಿಲ್ಲಬೇಕು. ಅದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ.